ಚೀನಾ ತಟ್ಟೆಗೆ ಹೆಸರು ಹಾಕಿಸಿದ್ದು

ಶಾಲಿನಿ, ಗಿರೀಶ, ನಿಮ್ಮಜ್ಜಿ ಒಂದು ಕಾಲದಲ್ಲಿ ಮಹಾ ಪರೀಕ್ಷಕಿಯಾಗಿದ್ದಳು. ನಗಬೇಡಿ.

ಎಪ್ಪತ್ತರ ದಶಕದಲ್ಲಿ ನಿಮ್ಮಜ್ಜನಿಗೆ ಹಳೆಯ ಚೀನಾ ಪಿಂಗಾಣಿಯ ಹುಚ್ಚು ಹಿಡಿದಿತ್ತು. ಶಿಕಾರಿಪುರದಲ್ಲಿ ಹಳೇ ಸಾಮಾನು ಮಾರುತ್ತಿದ್ದ ಖಾದರ್ ಸಾಬರು ಮನೆಗೇ ಬಂದು ಪಾಠ ಹೇಳುತ್ತಿದ್ದರು. ಬೆರಳ ತುದಿಯಲ್ಲಿ ಹಿಡಿದು ತಟ್ಟಿದರೆ ಅಸಲಿ ತಟ್ಟೆ ಗಂಟೆಯಂತೆ ನುಡಿಯುತ್ತದೆ. ತಳದ ಅಂಚು ಮರಳಿನಂತೆ ತರಿತರಿ. ಕೈಯಲ್ಲಿ ಬರೆದ ಹೂವು ಒಂದರಂತೆ ಇನ್ನೊಂದಿರುವುದಿಲ್ಲ. ಅಜ್ಜ ತಲೆಯಾಡಿಸಿ ನಕಲಿಯನ್ನೇ ಕೊಳ್ಳುತ್ತಿದ್ದರು. ಬಾಗಿಲ ಹಿಂದೆ ನಿಂತ ನಾನು ವಿದ್ಯೆ ಕಲಿತೆ.

ಆಗ ಸೊರಬದಿಂದ ಅಜ್ಜನ ಅಕ್ಕ ಗಿರಿಜಮ್ಮ ಹೇಳಿಕಳಿಸಿದರು. ಅವರ ತಾಯಿಯ ನೀಲಿ ಹೂವಿನ ತಟ್ಟೆಯನ್ನು ಮಗಳು ಸಾವಿತ್ರಿಗೆ ಮದುವೆಯಲ್ಲಿ ಕೊಡಬೇಕಿತ್ತು. ಆದರೆ ಗಿರಿಜಮ್ಮನ ಯಜಮಾನರು ಎಂದೋ ತಂದ, ಅದನ್ನೇ ಹೋಲುವ ನಕಲಿ ತಟ್ಟೆಯೊಂದು ಅದರ ಪಕ್ಕದಲ್ಲೇ ಕೂತು, ಯಾವುದು ಯಾವುದೆಂದು ಮರೆತುಹೋಗಿತ್ತು.

ನಾಲ್ಕು ಜನರೆದುರು ಬಾಯಿಬಿಡದ ನಾನು ಅಂದು ಅಜ್ಜನೊಡನೆ ಸೊರಬಕ್ಕೆ ಹೋಗಿ ತಟ್ಟಿದೆ, ತಡವಿದೆ, ಹೂವಿಗೆ ಹೂವು ಹೋಲಿಸಿದೆ. "ಇದೇ ಅತ್ತೆಯವರದ್ದು" ಎಂದು ತೀರ್ಪು ಕೊಟ್ಟೆ. ಗಿರಿಜಮ್ಮ ತಟ್ಟೆಯನ್ನು ಎದೆಗೊತ್ತಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಕೀರ್ತಿ ಉಳಿಯುತ್ತಿತ್ತು!

ಮದುವೆಯ ಗದ್ದಲದಲ್ಲಿ ಎರಡೂ ಮತ್ತೆ ಅದಲುಬದಲಾದರೆ? ಮದುವೆ ಪಾತ್ರೆಗಳಿಗೆ ನಾವೆಲ್ಲ ಮಾಡುವುದನ್ನೇ ಮಾಡಿದೆ. ಯಾರಿಗೂ ಹೇಳದೆ ತಟ್ಟೆಯನ್ನು ಸೆರಗಿನಲ್ಲಿ ಸುತ್ತಿ, ಬಸ್ ಸ್ಟ್ಯಾಂಡಿನ ಬಳಿ ಪಾತ್ರೆಗೆ ಹೆಸರು ಹಾಕುವವನ ಹತ್ತಿರ ಹೋದೆ.

"ಅಮ್ಮಾ, ಇದು ಸ್ಟೀಲಲ್ಲ, ಪಿಂಗಾಣಿ. ಉಳಿ ಏಟು ತಡಿಯಾದಿಲ್ಲ" ಎಂದ ಆತ.

ಪಾಪ, ಅವನಿಗೇನು ಗೊತ್ತು? "ಸಮುದ್ರ ದಾಟಿ ಬಂದ ಅಸಲಿ ಮಾಲು ಇದು. ನಿಮ್ಮ ಉಳಿಗೆ ಹೆದರ್ತದಾ?" ಎಂದೆ. ಜನ್ಮದಲ್ಲಿ ಪರಗಂಡಸಿನೊಡನೆ ನಾನು ವಾದಿಸಿದ್ದು ಅದೊಂದೇ ಸಲ. ಗೆದ್ದೆ.

'ಸಾ' ಮುದ್ದಾಗಿ ಮೂಡಿತು. 'ವಿ' ಶುರುವಾಗುವಷ್ಟರಲ್ಲಿ ತಟ್ಟೆ ಎರಡು ಹೋಳು.

ಗಿರಿಜಮ್ಮ ಬೈಯಲಿಲ್ಲ. ಹೋಳುಗಳನ್ನು ಸೆರಗಿನಿಂದ ಒರೆಸಿ, ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು: "ಪರೀಕ್ಷೆ ಮುಗೀತಾ, ಇಲ್ಲಾ ಇನ್ನೊಂದನ್ನೂ ತಗಂಡು ಹೋಗ್ತೀಯಾ?"

ಮದುವೆಯಲ್ಲಿ ಸಾವಿತ್ರಿಗೆ ನಕಲಿಯೇ ಸಿಕ್ಕಿತು. ಬೀಗರು ಅದನ್ನು ಕೈಯಿಂದ ಕೈಗೆ ದಾಟಿಸಿ, ಹಳೇ ಕಾಲದ ಕೆಲಸವೇ ಬೇರೆ ಎಂದು ಹೊಗಳಿದರು. ಮಹಾ ಪರೀಕ್ಷಕಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು.

ಗಿರಿಜಮ್ಮ ಹೋಳುಗಳನ್ನು ನನಗೇ ಕೊಟ್ಟು ಕಳಿಸಿದರು. ಖಾದರ್ ಸಾಬರು ಒಡೆದ ಅಂಚಿನ ಮೇಲೆ ಬೆರಳಾಡಿಸಿ ನಿಟ್ಟುಸಿರಿಟ್ಟರು. "ಒಳಗೂ ಹಾಲಿನಂಗೆ ಬಿಳಿ. ನಿಮ್ಮ ಪರೀಕ್ಷೆ ಸರಿ ಇತ್ತು ಬಿಡ್ರಿ ಅಮ್ಮಾರೆ. ಇದು ಖಾತ್ರಿ ಅಸಲಿ."

ನಾನು ಪಾಸಾದ ಪರೀಕ್ಷೆ ಅದೊಂದೇ, ಮಕ್ಕಳೇ.

ಆ ಹೋಳುಗಳು ನನ್ನ ಟ್ರಂಕಿನಲ್ಲಿವೆ. ಈ ಹಾಳೆಗಳನ್ನೂ ಅವುಗಳ ಜೊತೆಯಲ್ಲೇ ಜೋಪಾನವಾಗಿಡಿ. ಹೆಸರು ಮಾತ್ರ ಹಾಕಿಸಬೇಡಿ.