ಸಂಕಲ್ಪದ ಬೋರ್ಡು, ಮಾವನ ಉಸಿರು

ಸೋಲಾರ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಅರ್ಥವಾದದ್ದು ಒಂದೇ. ಬಿಸಿಲು ತನ್ನ ಪಾಡಿಗೆ ತಾನು ಸರಿಯಾಗಿಯೇ ಕೆಲಸ ಮಾಡುತ್ತದೆ. ಎಡವಟ್ಟುಗಳೆಲ್ಲ ಅದರ ಕೆಳಗೆ ನಿಂತಿರುವ ನಮ್ಮವು. ಬಳ್ಳಾರಿಯಲ್ಲಿ ಬಿಸಿಲಿಗೆ ಬರವಿಲ್ಲ, ಹಾಗಾಗಿ ಎಡವಟ್ಟಿಗೂ ಇಲ್ಲ.

ನಮ್ಮ ಅಂಗಡಿ ಕೌಲ್ ಬಜಾರಿನಲ್ಲಿದೆ. ಅದರ ಮಾಲೀಕರಾದ ನಮ್ಮ ಸಾಹೇಬರು ಹೋದ ವರ್ಷ ಕರಾವಳಿಯ ಒಂದು ನಗರಕ್ಕೆ ತರಬೇತಿಗೆ ಹೋಗಿದ್ದರು. ಇನ್ನು ಮುಂದೆ ಬಿಸಿಲು, ಗಾಳಿಯ ಕರೆಂಟಿನಲ್ಲೇ ಊರು ನಡೆಸುತ್ತೇವೆ ಎಂದು ಆ ನಗರದವರು ಸಂಕಲ್ಪ ಮಾಡಿದ್ದಾರಂತೆ. ಸಾಹೇಬರು ಅಲ್ಲಿಂದ ಆ ಸಂಕಲ್ಪ ಬರೆದ ಬೋರ್ಡು, ಒಂದು ಕೈಪಿಡಿ, ಒಂದು ದೊಡ್ಡ ಬ್ಯಾಟರಿ ತಂದರು. ದಿನಾ ಬೆಳಿಗ್ಗೆ ನಾವೆಲ್ಲ ಬೋರ್ಡಿನ ಮುಂದೆ ನಿಂತು ಅದನ್ನು ಓದಬೇಕು. ಅದರ ಕಡೇ ಸಾಲು ಹೀಗಿತ್ತು: ‘ಯಾರ ಉಸಿರು ಕರೆಂಟನ್ನು ನಂಬಿದೆಯೋ, ಅವರ ಮನೆಗೆ ಮೊದಲು.’

ಆ ಸಾಲು ಓದುವಾಗಲೆಲ್ಲ ನನ್ನ ಕಣ್ಣು ಆ ದೊಡ್ಡ ಬ್ಯಾಟರಿಯ ಕಡೆ ಹೋಗುತ್ತಿತ್ತು. ಕುರುಗೋಡಿನ ನನ್ನ ಸೋದರಮಾವ, ರಿಟೈರಾದ ಬಸ್ ಕಂಡಕ್ಟರು, ಶ್ವಾಸಕೋಶ ಕೆಟ್ಟು ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು. ಆಕ್ಸಿಜನ್ ಮಿಷನ್ ಇಟ್ಟುಕೊಂಡು ಮನೆಗೆ ಹೋಗಬಹುದು, ಆದರೆ ಅದು ನಿಲ್ಲಬಾರದು ಎಂದಿದ್ದರು ಡಾಕ್ಟರು. ಅವರ ಓಣಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟಿಗೆ ಭರವಸೆಯಿಲ್ಲ. ಆ ಬ್ಯಾಟರಿ ಕೊಡಿ ಎಂದು ಕೇಳಿದಾಗಲೆಲ್ಲ ಸಾಹೇಬರು, "ಅದು ಅಂಗಡ್ಯಾಗ ತೋರಸಾಕ ಇಟ್ಟಿದ್ದಪಾ, ನೋಡೋಣು" ಅನ್ನುತ್ತಿದ್ದರು.

ಸಮುದ್ರ ಎಷ್ಟು ದೂರ

ಕೈಪಿಡಿಯ ಜೊತೆ ಬಂದ ಫಾರಂನಲ್ಲಿ ‘ಮನೆಗೂ ಸಮುದ್ರಕ್ಕೂ ಇರುವ ದೂರ’ ಎಂಬ ಕಾಲಂ ಇತ್ತು. ಉಪ್ಪಿನ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದು ಕರಾವಳಿಯವರು ಕೇಳುವುದು ನ್ಯಾಯ. ಒಂದು ಕಾಲಮ್ಮೂ ಖಾಲಿ ಬಿಡಬಾರದು ಎಂದು ನಮ್ಮ ಸಾಹೇಬರ ಆಜ್ಞೆ.

ಸತ್ಯನಾರಾಯಣಪೇಟೆಯಲ್ಲಿ ಒಬ್ಬ ರಿಟೈರಾದ ಭೂಗೋಳದ ಮೇಷ್ಟ್ರ ಮನೆಗೆ ಫಾರಂ ತುಂಬಿಸಲು ಹೋದೆ. ನಾಚಿಕೊಂಡೇ ಕೇಳಿದೆ. ಅವರು ನಗಲಿಲ್ಲ. "ಯಾವ ಸಮುದ್ರರಿ? ಅರಬ್ಬೀನೋ, ಬಂಗಾಳ ಕೊಲ್ಲೀನೋ?" ಅಂದರು.

ಒಳಗಿಂದ ಭೂಪಟ ಬಂತು, ಸ್ಕೇಲು ಬಂತು, ಎರಡು ಸಲ ಚಹಾ ಬಂತು. ಬೆವರು ಒರೆಸಿಕೊಳ್ಳುತ್ತ ಅರ್ಧ ತಾಸು ಅಳೆದು ಹೇಳಿದರು: "ಎರಡೂ ಕಡಿ ಹೆಚ್ಚುಕಡಿಮಿ ಒಂದ ಐತಿ. ಉಪ್ಪಿನ ಗಾಳಿ ಯಾವ ಕಡಿಯಿಂದ ಬಂದ್ರೂ ನಮಗ ತಿಳಸ್ರಿ, ಕಿಟಕಿ ತೆಗಿತೀವಿ."

ಸಂಜೆ ಆಸ್ಪತ್ರೆಗೆ ಹೋಗಿ ಮಾವನಿಗೆ ಇದನ್ನು ಹೇಳಿದೆ. ಅವರು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅತ್ತೆ ಅವರ ಬೆನ್ನು ನೀವುತ್ತ, "ನಗಸಬ್ಯಾಡಪಾ. ಅವರಿಗೆ ಅಳಾಕೂ ಗಾಳಿ ಸಾಲಾಂಗಿಲ್ಲ" ಅಂದಳು.

ಅಮಾವಾಸ್ಯೆಯ ಪೂಜೆ

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಿಂದ ಫೋನು: ಕರೆಂಟ್ ಬರುವುದು ತೀರಾ ಕಡಿಮೆಯಾಗಿದೆ. ಹೋಗಿ ಮಾಳಿಗೆ ಹತ್ತಿದರೆ, ಸಾಲಾಗಿ ಕೂತ ಒಂದೊಂದು ಪ್ಯಾನೆಲ್ಲಿಗೂ ಅಂಚಿನಿಂದ ಅಂಚಿಗೆ ಮೂರು ಬೆರಳಿನ ವಿಭೂತಿ, ನಡುವೆ ಅಂಗೈ ಅಗಲದ ಕುಂಕುಮ. ಅಮಾವಾಸ್ಯೆಗೆ ಗಿರಣಿಯ ಮಿಷನ್ನುಗಳಿಗೆಲ್ಲ ಪೂಜೆಯಾಗಿತ್ತು. ಹೊಸ ಮಿಷನ್ನೆಂದು ಇದಕ್ಕೆ ಒಂದು ಕೈ ಹೆಚ್ಚೇ ಆಗಿತ್ತು.

ಬಕೆಟ್ಟು, ಬಟ್ಟೆ ಹಿಡಿದೆ. ಮಾಲೀಕರ ತಾಯಿ ಮೆಟ್ಟಿಲ ಮೇಲೆ ಪ್ರತ್ಯಕ್ಷ. "ನನ್ನ ಕಣ್ಣ ಮುಂದ ದೇವರ ವಿಭೂತಿ ಒರಸ್ತೀ ಏನು?"

"ಅಮ್ಮಾರ, ವಾರಕ್ಕೊಮ್ಮಿ ಒರಸಬೇಕು ಅಂತ ಪುಸ್ತಕದಾಗ ಐತ್ರಿ" ಎಂದು ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಇಲ್ಲಿ ಉಪ್ಪು ಒರಸು ಅಂತ ಐತಿ. ವಿಭೂತಿ ಒರಸು ಅಂತ ಎಲ್ಲೈತಿ?"

ಕರಾವಳಿಯವರು ಅದೊಂದನ್ನು ಬರೆದಿರಲಿಲ್ಲ. ಕೊನೆಗೆ, ಪೂಜೆಯೆಲ್ಲ ಕೆಳಗಿನ ಕಬ್ಬಿಣದ ಕಾಲುಗಳಿಗೆ, ಗಾಜಿಗೆ ಬರೀ ನಮಸ್ಕಾರ ಎಂದು ರಾಜಿಯಾಯಿತು. ಅವರೇ ನಿಂತು ಒರೆಸಿಸಿದರು. ಹೊರಡುವಾಗ ನನ್ನ ಹಣೆಗೂ ಮೂರು ಗೆರೆ ಎಳೆದು ಹೇಳಿದರು: "ಅದು ಕೆಟ್ರ ನೀನ ಬರಬೇಕಲ್ಲ. ನೀನೂ ಮಿಷನ್ನಿನ ಪೈಕೀನ."

ಬೋರ್ಡಿನ ದೀಪ

ಒಂದು ಮಧ್ಯಾಹ್ನ ಅತ್ತೆ ಆಸ್ಪತ್ರೆಯಿಂದ ನನಗೆ ಬುತ್ತಿ ತಂದಿದ್ದಳು. ಆಗಲೇ ಕೌಲ್ ಬಜಾರಿನಲ್ಲೆಲ್ಲ ಕರೆಂಟ್ ಹೋಯಿತು. ನಮ್ಮ ಅಂಗಡಿಯಲ್ಲಿ ಫ್ಯಾನಿಲ್ಲ, ಲೈಟಿಲ್ಲ. ಸಂಕಲ್ಪದ ಬೋರ್ಡು ಮಾತ್ರ ಝಗಮಗ. ಗಿರಾಕಿಗಳಿಗೆ ಯಾವಾಗಲೂ ಕಾಣಬೇಕೆಂದು ಸಾಹೇಬರು ಆ ದೊಡ್ಡ ಬ್ಯಾಟರಿಯನ್ನು ಅದರ ಸುತ್ತಲಿನ ದೀಪಗಳಿಗೆ ಜೋಡಿಸಿದ್ದರು.

ಅತ್ತೆ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಬೆಳಕಿದ್ದದ್ದು ಅಲ್ಲೇ, ಹಾಗಾಗಿ ಬೆರಳಿಟ್ಟು ಕೂಡಿಸಿ ಕೂಡಿಸಿ ಓದತೊಡಗಿದಳು. ಕಡೇ ಸಾಲು ಮುಗಿಸಿ ಸಾಹೇಬರ ಕಡೆ ತಿರುಗಿ ಮೆತ್ತಗೆ ಕೇಳಿದಳು: "ಇದು ಬರೇ ಓದಾಕೇನ್ರಿ, ಯಪ್ಪಾ?"

ಸಾಹೇಬರು ಕೆಟ್ಟವರಲ್ಲ. ತಾವೇ ಬಗ್ಗಿ ವೈರು ಕಿತ್ತು, "ಇವತ್ತ ಒಯ್ಯಿ" ಅಂದರು. ಬೋರ್ಡು ಕತ್ತಲಾಯಿತು.

ಮರುದಿನ ಬೆಳಿಗ್ಗೆ ಕರೆಂಟಿರಲಿಲ್ಲ. ಒಳಗೆ ಮಬ್ಬು, ಬೋರ್ಡಿನ ಅಕ್ಷರ ಕಾಣದು. ಎಂದಿನಂತೆ ಸಾಲಾಗಿ ನಿಂತೆವು. ವರ್ಷವಿಡೀ ದಿನಾ ಓದಿದ್ದರೂ ನಮ್ಮಲ್ಲಿ ಒಬ್ಬರಿಗೂ, ಸಾಹೇಬರಿಗೂ, ಎರಡನೇ ಸಾಲು ಬಾಯಿಗೆ ಬರಲಿಲ್ಲ.

ಕುರುಗೋಡಿನ ಮಧ್ಯಾಹ್ನ

ಮಾವ ಮನೆಗೆ ಬಂದರು. ಮಾಳಿಗೆಯ ಮೇಲೆ ಪ್ಯಾನೆಲ್, ಮೂಲೆಯಲ್ಲಿ ಬ್ಯಾಟರಿ, ಮಂಚದ ಪಕ್ಕ ಮಿಷನ್. ಎಂಟು ದಿನ ಬಿಟ್ಟು ನೋಡಿ ಬರೋಣ ಎಂದು ಹೋದೆ. ಓಣಿಯಲ್ಲಿ ಕರೆಂಟಿಲ್ಲ. ಮಾವನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ.

ಇಡೀ ಓಣಿ ಬ್ಯಾಟರಿಯಲ್ಲಿ ತಿರುಗುತ್ತಿದ್ದ ಒಂದೇ ಫ್ಯಾನಿನ ಕೆಳಗೆ ಕೂತಿತ್ತು. ಗೋಡೆಯುದ್ದಕ್ಕೂ ಮೊಬೈಲುಗಳು ಚಾರ್ಜಿಗೆ. ಎದುರು ಮನೆಯ ಅಜ್ಜಿ ತನ್ನ ಮಿಕ್ಸಿಯನ್ನೇ ಎತ್ತಿಕೊಂಡು ಬಂದು ಶೇಂಗಾ ಚಟ್ನಿಪುಡಿ ತಿರುವುತ್ತಿದ್ದಳು. ನಾನು ಅತ್ತೆಯ ಮುಖ ನೋಡಿದೆ. "ಹೆಂಗ ಬ್ಯಾಡ ಅನ್ಲಿ?" ಎಂದು ಪಿಸುಗುಟ್ಟಿದಳು. "ಅವತ್ತ ಮಂಚದ ಸಮೇತ ಇವರನ್ನ ದವಾಖಾನಿಗೆ ಹೊತಗೊಂಡು ಓಡಿದ್ದು ಈ ಮಂದೀನ."

ಅಷ್ಟರಲ್ಲಿ ಮಿಕ್ಸಿ ಮತ್ತೊಮ್ಮೆ ಗುರ್ ಅಂದಿತು; ಹೊರೆ ಹೆಚ್ಚಾಗಿ ಎಲ್ಲವೂ ಒಟ್ಟಿಗೆ ನಿಂತಿತು. ಆಕ್ಸಿಜನ್ ಮಿಷನ್ ಕೂಗತೊಡಗಿತು. ಎಲ್ಲರೂ ಗಾಬರಿಯಾಗಿ ಮಂಚದ ಸುತ್ತ ಮುತ್ತಿಕೊಂಡು, ನಾನು ಬ್ಯಾಟರಿಯ ಹತ್ತಿರ ಹೋಗಲೂ ದಾರಿಯಿಲ್ಲದಂತೆ ಮಾಡಿದರು. "ಸರೀರಿ, ಸರೀರಿ" ಎಂದು ನಾನು ಅರಚಿದರೆ ಯಾರಿಗೂ ಕೇಳಲಿಲ್ಲ. ಮಾವನ ತುಟಿ ಕಪ್ಪಗಾಗುತ್ತಿತ್ತು.

ಮಾವ ಮೊಣಕೈ ಊರಿ ಎದ್ದರು. ಮೂಗಿನ ನಳಿಕೆ ಸರಿಸಿ, ಬಾಗಿಲ ಕಡೆ ಕೈ ತೋರಿಸಿ, ಉಳಿದಿದ್ದ ಉಸಿರಿನಲ್ಲಿ ಹೇಳಿದರು: "ಹಿಂದ... ಖಾಲಿ ಬಸ್ ಬರಾಕತ್ತೈತಿ. ಅದಕ್ಕ ಹತ್ರಿ."

ಸಿರುಗುಪ್ಪ ರಸ್ತೆಯಲ್ಲಿ ಮೂವತ್ತು ವರ್ಷ, ಬಾಗಿಲಿಗೆ ಜೋತುಬಿದ್ದ ಇದೇ ಜನಕ್ಕೆ ಅವರು ಹೇಳಿದ್ದ ಸುಳ್ಳು ಅದು. ಆ ಖಾಲಿ ಬಸ್ಸು ಒಂದು ದಿನವೂ ಬಂದದ್ದಿಲ್ಲ ಎಂಬುದು ಓಣಿಗೆಲ್ಲ ಗೊತ್ತು. ಆದರೂ ಎಲ್ಲರ ಕಾಲು ತಾವಾಗಿ ಹಿಂದೆ ಸರಿದವು. ಅಜ್ಜಿ ಮಿಕ್ಸಿ ಎದೆಗವಚಿಕೊಂಡು ಮೊದಲು ಇಳಿದಳು, ಮಿಕ್ಕವರು ಅವಳ ಹಿಂದೆ.

ಪಿನ್ನುಗಳನ್ನೆಲ್ಲ ಕಿತ್ತು ಸ್ವಿಚ್ ಒತ್ತಿದೆ. ಮಿಷನ್ ನಡೆಯಿತು. ಅತ್ತೆ ನಳಿಕೆ ಸರಿಮಾಡಿದಳು. ಮಾವ ಕಣ್ಣು ಮುಚ್ಚಿ ನಾಲ್ಕಾರು ಉಸಿರು ಎಳೆದುಕೊಂಡರು. ಆಮೇಲೆ ಒಂದು ಕಣ್ಣು ತೆರೆದು ನನ್ನನ್ನು ಕೇಳಿದರು: "ಎಲ್ಲಾರೂ ಇಳದ್ರೇನಲೇ?"

"ಇಳದ್ರು ಮಾವ."

ಮಂಚದ ಕಬ್ಬಿಣವನ್ನು ಬೆರಳಿನಿಂದ ಎರಡು ಸಲ ತಟ್ಟಿ ಅಂದರು: "ರೈಟ್, ಹೋಗಲಿ."