ಯಾದಿಯಿಂದ ಹೆಸರು ಹೊಡೆಸಿಕೊಂಡವನ ವಿನಂತಿ

ಇಂದ,
ಶಿವಯೋಗೆಪ್ಪ ಚನಮಲ್ಲಪ್ಪ ಬಿಸನಾಳ,
ಕಬ್ಬಿನ ಯಾರ್ಡಿನಲ್ಲಿ ಪಾಳಿ ಕೂಗುವವ (ಈಗ ವಜಾ),
ಮು: ಚಿಮ್ಮಡ, ತಾ: ರಬಕವಿ-ಬನಹಟ್ಟಿ.

ಗೆ,
ಮಾನ್ಯ ಪ್ರಧಾನ ವ್ಯವಸ್ಥಾಪಕರು,
ಹೊಳೆಸಾಲು ಸಕ್ಕರೆ ಕಾರ್ಖಾನೆ ಲಿಮಿಟೆಡ್.

ವಿಷಯ: ಅರ್ಜಿದಾರನನ್ನು ಕೆಲಸದಿಂದ ತೆಗೆದ ರೀತಿಯನ್ನು ರದ್ದುಪಡಿಸಿ, ಇನ್ನೊಂದು ರೀತಿಯಿಂದ ತೆಗೆಯುವ ಬಗ್ಗೆ.

ಉಲ್ಲೇಖ: (೧) ತಮ್ಮ ಸಿಬ್ಬಂದಿ ಅಧಿಕಾರಿ ವೈಭವ ಸಾಹೇಬರ ಕೋಣೆಯಲ್ಲಿ ಅರ್ಜಿದಾರನು ಆಡಿದ ಮಾತು: “ಏ ಸಾಹೇಬ, ಯಾರನ್ನ ಕೇಳಿ ನನ್ನ ಹೆಸರ ಬೋರ್ಡಿಗೆ ಹಚ್ಚೀದಿ? ನಿನ್ನೆ ಮೊನ್ನೆ ಬಂದಾಂವ, ಕಬ್ಬು ಯಾವುದು, ಜ್ವಾಳದ ದಂಟು ಯಾವುದು ಗೊತ್ತಿಲ್ಲ ನಿನಗ. ಆ ಹೆಸರ ಹೊಡದ ಹಾಕಲೇ ಮೊದಲ!” (ಇದರ ಮುಂದಿನದನ್ನು ತಮ್ಮ ಮರ್ಯಾದೆಯ ದೃಷ್ಟಿಯಿಂದ ಬಿಡಲಾಗಿದೆ.)
(೨) ಅದಕ್ಕೆ ಸಾಹೇಬರ ಉತ್ತರ: “ಹೊಡದ ಹಾಕೇನ್ರಿ. ಸಮಾಧಾನ ಆತಿಲ್ಲೋ?”
(೩) ತಮ್ಮ ವಜಾ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಲೆ ತಣ್ಣಗಾದ ಮೇಲೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನನ್ನು ತಮ್ಮ ಕಾರ್ಖಾನೆಗೆ ತೆಗೆದುಕೊಂಡದ್ದು ಅವನ ವಿದ್ಯೆಯನ್ನು ನೋಡಿ ಅಲ್ಲ. ವಿದ್ಯೆ ಏಳನೆಯ ಇಯತ್ತೆಗೇ ಮುಗಿದಿತ್ತು. ಅಂದಿನ ಕಬ್ಬಿನ ಅಧಿಕಾರಿಗಳು ಗೇಟಿನಲ್ಲಿ ನಿಂತು, “ಆ ಕಡೀ ಟ್ರ್ಯಾಕ್ಟರಿನಾಂವನ್ನ ಕರೀಲೇ, ನೋಡೋಣು” ಎಂದರು. ಅರ್ಜಿದಾರನು ಕರೆದನು. ಕೊನೆಯ ಟ್ರ್ಯಾಕ್ಟರಿನವನ ಜೊತೆ ಅದರ ಹಿಂದುಮುಂದಿನವರೂ, ರಸ್ತೆಯಾಚೆ ಎಮ್ಮೆ ಮೇಯಿಸುತ್ತಿದ್ದವನೂ ಓಡಿ ಬಂದರು. ಅಲ್ಲಿಯೇ ನೇಮಕವಾಯಿತು. ಅಂದಿನಿಂದ ಗಲಗಲಿಯ ಟ್ರ್ಯಾಕ್ಟರೇ ಇರಲಿ, ತುಬಚಿಯದೇ ಇರಲಿ, ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಪಾಳಿ ತಪ್ಪಿಸಿ ನುಗ್ಗಿದರೆ, ಆ ಹಾಡಿನ ಮೇಲೆ ತನ್ನ ದನಿ ಏರಿಸಿ, ಚಾಲಕನ ಮನೆತನದ ಹಿರಿಯರನ್ನೆಲ್ಲ ನೆನೆದು, ಅವನನ್ನು ಹಿಂದಕ್ಕೆ ಕಳಿಸುವುದು ಅರ್ಜಿದಾರನ ಕರ್ತವ್ಯವಾಗಿತ್ತು. ಬೈದದ್ದಕ್ಕೆ ಪಗಾರ ಬರುತ್ತಿತ್ತು. ಒಂದು ವರ್ಷ ದೀಪಾವಳಿಗೆ ಇನಾಮೂ ಬಂದಿತ್ತು.

೨. ಈಗ ಯಾರ್ಡಿನಲ್ಲಿ ಕ್ಯಾಮೆರಾ ಕೂಡಿಸಲಾಗಿದೆ. ಟೋಕನ್ ಮೊಬೈಲಿಗೆ ಬರುತ್ತದೆ, ನಂಬರು ಬೋರ್ಡಿನ ಮೇಲೆ ಕೆಂಪಗೆ ಮೂಡುತ್ತದೆ, ಯಾರೂ ಯಾರನ್ನೂ ಬೈಯುವ ಅಗತ್ಯವಿಲ್ಲ. ಆದ್ದರಿಂದ ಯಾರ್ಡಿನ ಮಂದಿಯನ್ನು ಕಡಿತ ಮಾಡುವುದೆಂದು ಠರಾವಾಗಿ, ಅವರ ಯಾದಿಯನ್ನು ಆಫೀಸಿನ ಹೊರಗೆ ಹಚ್ಚಲಾಯಿತು. ಅದರಲ್ಲಿ ಮೊದಲನೆಯ ಹೆಸರು ಅರ್ಜಿದಾರನದು. ಇಲ್ಲಿ ಒಂದು ಸಂಗತಿಯನ್ನು ತಿಳಿಸುವುದು ಅವಶ್ಯ. ಅರ್ಜಿದಾರನ ಸಾಲಿಯಲ್ಲಿ, ಮಾಸ್ತರರು ಹೊರಗೆ ಹೋದಾಗ ಗದ್ದಲ ಮಾಡಿದವರ ಹೆಸರನ್ನು ಮಾನೀಟರನು ಬೋರ್ಡಿನ ಮೇಲೆ ಬರೆಯುತ್ತಿದ್ದನು. ಅಲ್ಲಿಯೂ ಮೊದಲನೆಯ ಹೆಸರು ಅರ್ಜಿದಾರನದೇ. ಬೋರ್ಡಿನ ಮೇಲೆ ಹೆಸರು ಬಂದರೆ ಬೆನ್ನಿಗೆ ಏನು ಬರುತ್ತದೆ ಎಂಬುದನ್ನು ಬೆನ್ನು ಮರೆತಿಲ್ಲ. ಕಾರಣ, ಯಾದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುವ ಗೋಜಿಗೆ ಹೋಗದೆ, ಅರ್ಜಿದಾರನು ನೇರ ಸಾಹೇಬರ ಕೋಣೆಗೆ ನುಗ್ಗಿದನು. ಮುಂದಿನದು ಉಲ್ಲೇಖ ಒಂದರಲ್ಲಿ ಇದೆ.

೩. ಹೆಸರು ಹೊಡೆಸಿಕೊಂಡು ಹೊರಬಂದ ಅರ್ಜಿದಾರನು ಕುಸ್ತಿ ಗೆದ್ದವನಂತೆ ಮೀಸೆ ತಿರುವಿದನು. ಗೇಟಿನ ಹೊಟೇಲಿನಲ್ಲಿ ಎಲ್ಲರಿಗೂ ಸ್ವಂತ ರೊಕ್ಕದಿಂದ ಮಿರ್ಚಿಭಜಿ ತಿನ್ನಿಸಿದನು. ಯಾದಿಯಲ್ಲಿ ಉಳಿದ ಜಕ್ಕಪ್ಪನಿಗೆ, “ಲೇ ಜಕ್ಕ, ಬಾಯಿ ಇಲ್ಲದಾಂವ ಹಿಂಗ ಹೊರಗ ಬೀಳ್ತಾನ ನೋಡು” ಎಂದು ಬುದ್ಧಿ ಹೇಳಿದನು. ಜಕ್ಕಪ್ಪನು ಕಬ್ಬು ತೂಗುವ ಕಾಟಾದ ಮೇಲೆ ಗಾಡಿ ಹತ್ತಿಸುವವನು, ಎತ್ತಿಗೂ ‘ರೀ’ ಹಚ್ಚಿ ಮಾತಾಡುವ ಮನುಷ್ಯ. ಅವನು ಭಜಿ ತಿಂದು, “ಕೆಳಗ ಸಣ್ಣಕ್ಷರದಾಗ ಏನೋ ಬರದಾರಲ್ಲೋ ಶಿವಯೋಗಿ, ಓದಿದಿಲ್ಲೋ?” ಎಂದು ಕೇಳಿದನು. ಅರ್ಜಿದಾರನು ಇನ್ನೊಂದು ಪ್ಲೇಟು ಹೇಳಿದನು.

೪. ಸಣ್ಣಕ್ಷರದಲ್ಲಿ ಇದ್ದದ್ದು ಪರಿಹಾರದ ವಿಷಯ. ಕಡಿತವಾದವರಿಗೆ ದುಡಿದ ವರ್ಷಗಳ ಲೆಕ್ಕದಲ್ಲಿ ಹಣ, ಅರ್ಧ ಈಗ, ಅರ್ಧ ಗಣಪತಿ ಹಬ್ಬಕ್ಕೆ. ಮೇಲೆ ಶಾಲು, ಹಾರ, ಒಂದು ಚೀಲ ಸಕ್ಕರೆ, ‘ನಡತೆ ಉತ್ತಮ’ ಎಂಬ ಪತ್ರ. ಅರ್ಜಿದಾರನಿಗೆ ಬಂದದ್ದು, ಅಧಿಕಾರಿಗೆ ಅಸಭ್ಯ ಶಬ್ದ ಬಳಸಿದ್ದಕ್ಕಾಗಿ ವಜಾ ಎಂಬ ಒಂದು ಹಾಳೆ. ಅಂದರೆ, ಹೋಗುವುದು ಎಲ್ಲರೂ ಹೋದರು. ಅವರು ವಾಲಗದೊಂದಿಗೆ ಬೀಳ್ಕೊಂಡರು, ಅರ್ಜಿದಾರನು ಕುತ್ತಿಗೆ ಹಿಡಿಸಿಕೊಂಡನು. ಆ ಸಮಾರಂಭಕ್ಕೆ ಜಮಖಂಡಿಯಿಂದ ಬ್ಯಾಂಡು ಬಂದಿತ್ತು. ಚಿಮ್ಮಡದ ಬಸ್ಸಿಗಾಗಿ ರಸ್ತೆಯಲ್ಲಿ ನಿಂತ ಅರ್ಜಿದಾರನಿಗೂ ಅದು ಚೆನ್ನಾಗಿ ಕೇಳಿಸಿತು.

೫. ಅರ್ಜಿದಾರನ ಪತ್ನಿ ರತ್ನಾಬಾಯಿಯವರು ಹೇಳಿದ್ದು: “ಮಂದಿ ಯಾದ್ಯಾಗ ಹೆಸರ ಬರಲಿ ಅಂತ ದೇವರಿಗೆ ಕಾಯಿ ಒಡದ್ರ, ನೀವು ಜಗಳಾ ತಗದು ಹೊಡಸ್ಕೊಂಡ ಬಂದೀರಲ್ಲ, ನಿಮ್ಮ ಬಾಯಿಗೊಂದು ಬೀಗಾ ಹಾಕ್ಲಿ!” ಅದು ಹಾಗಿರಲಿ. ದಸರೆಯ ನಂತರ ಕಬ್ಬು ನುರಿಸುವ ಹಂಗಾಮು ಹತ್ತುತ್ತದೆ. ಬೇರೆ ಕಾರ್ಖಾನೆಗಳಿಗೆ ಹೋಗಿ ಕೇಳಿದರೆ, ಎಲ್ಲರದೂ ಒಂದೇ ಪ್ರಶ್ನೆ: “ಅಲ್ಲಿಂದ ಹೆಂಗ ಬಿಟ್ರಿ?” ಕಡಿತ ಎಂದರೆ ಕುರ್ಚಿ ಕೊಡುತ್ತಾರೆ. ವಜಾ ಎಂದರೆ, ತಿಳಿಸುತ್ತೇವೆ ಎನ್ನುತ್ತಾರೆ. ಅರ್ಜಿದಾರನಿಗೆ ಬೇರೆ ಕಸಬು ಬರುವುದಿಲ್ಲ. ಕಾರಣ, ತಾವು ದಯವಿಟ್ಟು ಅರ್ಜಿದಾರನನ್ನು ಒಂದು ದಿವಸದ ಮಟ್ಟಿಗೆ ಮರಳಿ ಕೆಲಸಕ್ಕೆ ತೆಗೆದುಕೊಂಡು, ಸಂಜೆಗೆ ಮರ್ಯಾದೆಯಿಂದ ತೆಗೆದುಹಾಕಬೇಕು. ಅರ್ಜಿದಾರನು ಆ ದಿವಸ ಬಾಯಿ ತೆರೆಯುವುದಿಲ್ಲ.

(ಇಲ್ಲಿಯವರೆಗೆ ಸೋಮವಾರ ಬರೆದದ್ದು. ಮುಂದಿನದು ಇಂದು ಬರೆದದ್ದು. ಹೊಸ ಹಾಳೆ ತರಲು ಮನಸ್ಸಿಲ್ಲದ್ದರಿಂದ ಇದರಲ್ಲೇ ಮುಂದುವರಿಸಲಾಗಿದೆ.)

೬. ಇಂದು ವೈಭವ ಸಾಹೇಬರೇ ಹೇಳಿ ಕಳಿಸಿದ್ದರು. ಹೊರಡುವ ಮುನ್ನ ರತ್ನಾಬಾಯಿಯವರು ಅರ್ಜಿದಾರನನ್ನು ಕಟ್ಟೆಯ ಮೇಲೆ ಕೂಡಿಸಿ, “ತಪ್ಪಾತ್ರಿ ಸಾಹೇಬ್ರ” ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಸಾಹೇಬರು ಕುರ್ಚಿ ಕೊಟ್ಟರು, ಚಹಾ ತರಿಸಿದರು.

“ನಿಮ್ಮದು ವಜಾ ತಗದು ಕಡಿತ ಮಾಡೋಣ್ರಿ. ಪರಿಹಾರ, ಪತ್ರ, ಎಲ್ಲಾ ಬರತೈತಿ. ಇದಕ್ಕೊಂದು ಸಹಿ ಹಾಕ್ರಿ, ಬರೇ ರೀತಿಗೆ ಅಷ್ಟs.”

ಅರ್ಜಿದಾರನಿಗೆ ಒಮ್ಮೆ ಬುದ್ಧಿ ಬಂದಿದ್ದರಿಂದ ಈ ಸಲ ಸಣ್ಣಕ್ಷರವನ್ನೂ ಓದಿದನು. ‘ನಾನು ಅಂದು ಬೈದದ್ದು ಜಕ್ಕಪ್ಪನ ಕುಮ್ಮಕ್ಕಿನಿಂದ, ಬೈಯಲು ಅವನೇ ಕಲಿಸಿ ಕಳಿಸಿದ್ದನು’ ಎಂದು ಬರೆದಿತ್ತು.

“ಜಕ್ಕಪ್ಪಂದು ಯಾಕ ಬಂತ್ರಿ ನಡುವ?”

“ಅಂವ ಮಂದಿ ಕಟ್ಕೊಂಡು ಬಂದು, ಉಳದ ಅರ್ಧ ರೊಕ್ಕದ್ದು ಬರದು ಕೊಡ್ರಿ ಅಂತ ಕುಂತಾನ. ಒಬ್ಬಗ ಕೊಟ್ರ ಎಲ್ಲಾರಿಗೂ ಕೊಡಬೇಕಾಗತೈತಿ.”

“ನಾ ಸಹಿ ಹಾಕಿದ್ರ ಅವಂಗೇನಾಗತೈತಿ?”

“ಅದನ್ನ ಕಂಪನಿ ನೋಡ್ಕೋತೈತಿ. ನಿಮ್ಮದು ನೀವು ನೋಡ್ಕೋರಿ.”

“ಅವಂದು ಕಡಿತ ತಗದು ವಜಾ ಮಾಡ್ತೀರಿ, ಉಳದ ಅರ್ಧಾ ಕೊಡಂಗಿಲ್ಲ. ಹೌದಿಲ್ಲೋ?”

ಸಾಹೇಬರು ಕಂಪ್ಯೂಟರಿನ ಕಡೆ ಹೊರಳಿದರು. ಜಕ್ಕಪ್ಪನು ಬಂದ ಅರ್ಧ ಹಣವನ್ನು ಒಂದು ಹಳೆಯ ಟಂಟಂ ರಿಕ್ಷಾಕ್ಕೆ ಮುಂಗಡ ಕೊಟ್ಟಿದ್ದಾನೆ. ಚಿಮ್ಮಡ–ಬನಹಟ್ಟಿ ನಡುವೆ ಮಂದಿ ತುಂಬಿಕೊಂಡು ಓಡಾಡುತ್ತಾನೆ. ಹಬ್ಬಕ್ಕೆ ಉಳಿದರ್ಧ ಬರದಿದ್ದರೆ ಟಂಟಂ ಕೊಟ್ಟವನು ಅದನ್ನು ಒಯ್ಯುತ್ತಾನೆ.

ಅರ್ಜಿದಾರನಿಗೆ ಆಗ ನಾಲಿಗೆಯ ತುದಿಗೆ ಬಂದದ್ದು ಉಲ್ಲೇಖ ಒಂದಕ್ಕಿಂತ ಎಷ್ಟೋ ಮೇಲಿನ ದರ್ಜೆಯದು. ಆದರೆ ಬೈದರೆ ಅದನ್ನೂ ಜಕ್ಕಪ್ಪನ ಲೆಕ್ಕಕ್ಕೇ ಬರೆಯುತ್ತಾರೆ ಎಂದು ನುಂಗಿಕೊಂಡನು. ಅಷ್ಟು ದೊಡ್ಡದನ್ನು ಅವನು ಹಿಂದೆಂದೂ ನುಂಗಿರಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದನು.

“ಏನ್ರಿ, ಚಾ ಅರ್ಧಕ್ಕs ಬಿಟ್ಟು ಹೊಂಟ್ರಲ್ಲ! ಈಗ ಹೋದ್ರ ಮತ್ತ ಕರಿಯಂಗಿಲ್ಲ ನೋಡ್ರಿ!” ಎಂದು ಸಾಹೇಬರು ಕೂಗಿದರು. ಅವರ ದನಿ ಬಾಗಿಲು ಸಹ ದಾಟಲಿಲ್ಲ. ಯಾರ್ಡಿನ ಕೆಲಸಕ್ಕೆ ಅವರು ನಡೆಯುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

ಆದ್ದರಿಂದ ಕೊನೆಯದಾಗಿ ವಿನಂತಿಸುವುದೇನೆಂದರೆ:

(ಅ) ಮೇಲೆ ಬರೆದ ವಿಷಯವನ್ನು ಹಾಗೂ ಐದನೆಯ ಅಂಶವನ್ನು ಓದಿಲ್ಲವೆಂದು ತಿಳಿಯಬೇಕು. ವಜಾ ವಜಾ ಆಗಿಯೇ ಇರಲಿ.

(ಬ) ಆದರೆ ಆ ಆದೇಶದಲ್ಲಿ ಒಂದು ಸಾಲು ಸೇರಿಸಬೇಕು: ‘ಸದರಿ ಬೈಗುಳಗಳು ಪೂರ್ತಿಯಾಗಿ ಶಿವಯೋಗೆಪ್ಪನ ಸ್ವಂತದವು, ಇವುಗಳಲ್ಲಿ ಬೇರೆ ಯಾರ ಪಾಲೂ ಇಲ್ಲ.’ ಅದರ ಒಂದು ಪ್ರತಿಯನ್ನು ಜಕ್ಕಪ್ಪನಿಗೆ ಕೊಡಬೇಕು.

(ಕ) ಈ ಬಗ್ಗೆ ವಿಚಾರಣೆಗೆಂದು ಅರ್ಜಿದಾರನನ್ನು ಕರೆಯಬಾರದು. ಅವನು ಬರುವುದಿಲ್ಲ.

ತಮ್ಮ, ಮೊನ್ನೆಯವರೆಗಿನ, ವಿಶ್ವಾಸಿ,
ಶಿ. ಚ. ಬಿಸನಾಳ

ಲಗತ್ತುಗಳು:
೧. ವಜಾ ಆದೇಶದ ನಕಲು.
೨. ಪತ್ನಿಯ ದೃಢೀಕರಣ, ಅವರ ಮಾತಿನಲ್ಲೇ: “ಇವರಿಗೆ ಬೈಯೂದು ಯಾರೂ ಕಲಿಸಿಲ್ರಿ. ಲಗ್ನಾದ ದಿನಾ ಅಕ್ಕಿಕಾಳು ಬೀಳೂಕಿಂತ ಮೊದಲs ಭಟ್ಟರನ್ನ ಬೈದಿದ್ರು. ಆಗ ಜಕ್ಕಪ್ಪನ ಪರಿಚಯನs ಇರಲಿಲ್ಲ. ಸಹಿ, ರತ್ನಾಬಾಯಿ.”