ಹತ್ತು ಸಲ ಸೇರಿದವಳಿಂದ ಒಂಬತ್ತು ಸಲ ಸೇರಿದವರಿಗೆ

ಮಾನ್ಯರೇ, ಹಿರಿಯ ವಿದ್ಯಾರ್ಥಿಗಳ ಮಂಡಳಿಯ ಅಧಿಪತಿಗಳೇ, ಕಾನೂನು ವಿಭಾಗದಲ್ಲಿ ಒಂಬತ್ತನೇ ವರ್ಷ ವಿರಾಜಮಾನರಾಗಿರುವ ಶ್ರೀ ತೆಲ್ಮು ಕ್ವಾರೆಜ್ಮಾ ಅವರೇ,

ತಮ್ಮ ಕಪ್ಪು ನಿಲುವಂಗಿಯ ಅಂಚಿಗೆ, ಅದರ ಒಳಮೈಯಲ್ಲಿ ಹೊಲಿದಿರುವ ಅಷ್ಟೂ ಲಾಂಛನಗಳಿಗೆ, ಮತ್ತು ಓದು ಮುಗಿಯುವವರೆಗೆ ಅದನ್ನು ಒಗೆಯಬಾರದೆಂಬ ಸಂಪ್ರದಾಯದ ಫಲವಾಗಿ ತಾವು ಕಾಣಿಸಿಕೊಳ್ಳುವ ಮೊದಲೇ ತಮ್ಮ ಆಗಮನವನ್ನು ಸಾರುವ ಅದರ ಪರಿಮಳಕ್ಕೆ ನನ್ನ ವಂದನೆಗಳು. ಪೋರ್ಚುಗಲ್ಲಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಸಾವಿರಾರು ವಿದ್ಯಾರ್ಥಿಗಳನ್ನು, ಲೆಕ್ಕವಿಲ್ಲದಷ್ಟು ಸಂಘಗಳನ್ನು, ಅವುಗಳ ಒಳಜಗಳಗಳನ್ನು ತೂಗಿಸಿಕೊಂಡು ಹೋಗುವ ತಮಗೆ ಪರೀಕ್ಷೆಗೆ ಕೂರಲು ಬಿಡುವಾಗದಿರುವುದು ಸಹಜವಾದ್ದರಿಂದ, ಈ ಪತ್ರವನ್ನಾದರೂ ಓದಲು ಬಿಡುವಾದೀತೆಂಬ ಆಸೆಯಿಂದ ನಮ್ಮ ವಿದ್ಯಾರ್ಥಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಫಿಲೊಮೇನಾ ಸರ್ಮೆಂತು. ವಯಸ್ಸು ನಲವತ್ತಾರು. ಬೆಳಗ್ಗೆ ನೋಟರಿ ಕಚೇರಿಯಲ್ಲಿ ಬೇರೆಯವರ ಉಯಿಲು ಟೈಪು ಮಾಡುತ್ತೇನೆ. ಮಧ್ಯಾಹ್ನದ ಮೇಲೆ ಕಾನೂನು ವಿಭಾಗದ ಮೊದಲ ವರ್ಷದ ವಿದ್ಯಾರ್ಥಿನಿಯಾಗಿ, ಗೋಡೆಗೆ ಒರಗಬಹುದಾದ ಬೆಂಚು ಹುಡುಕಿಕೊಂಡು ಕೂರುತ್ತೇನೆ. ನನ್ನ ಮಗಳು ಬೆನೆದಿತಾ ಅದೇ ವಿಭಾಗದಲ್ಲಿ ಎರಡನೇ ವರ್ಷದಲ್ಲಿದ್ದಾಳೆ. ಅಂತಸ್ತನ್ನು ವಯಸ್ಸಿನಿಂದಾಗಲಿ ಅಂಕಗಳಿಂದಾಗಲಿ ಅಳೆಯದೆ, ಒಬ್ಬರು ಎಷ್ಟು ಸಲ ಸೇರ್ಪಡೆ ಮಾಡಿಸಿದ್ದಾರೆ ಎಂಬ ಒಂದೇ ಮಾನದಿಂದ ಅಳೆಯುವ ನಮ್ಮ ಉದಾತ್ತ ಪದ್ಧತಿಯಲ್ಲಿ, ನಾನು ಹೆತ್ತ ಹುಡುಗಿ ನನಗೆ ಮೇಲಿನವಳು. ಇದರಲ್ಲಿ ಹೊಸದೇನೂ ಇಲ್ಲ, ಅವಳು ಹದಿಮೂರಕ್ಕೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಇದೇ ಪದ್ಧತಿ ಇದೆ.

ಸೆಪ್ಟೆಂಬರಿನಲ್ಲಿ, ಮೊದಲ ತರಗತಿಗೆ ಹೊರಟ ದಿನ, ಅವಳು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ನಿಯಮಗಳನ್ನು ವಿಧಿಸಿದಳು. "ಅಮ್ಮಾ, ಕ್ಯಾಂಟೀನ್‌ನಲ್ಲಿ ನನ್ನ ಟೇಬಲ್ ಹತ್ರ ಬರ್ಬೇಡ. ದೂರದಿಂದ ಕೈ ಬೀಸ್ಬೇಡ. ಮುಖ್ಯವಾಗಿ, ನನ್ನ ಫ್ರೆಂಡ್ಸ್ ಮುಂದೆ 'ಮಗೂ, ಸ್ವೆಟರ್ ಹಾಕ್ಕೊಂಡ್ಯಾ' ಅಂತ ಕೇಳ್ಬೇಡ." ನಾನು ಒಪ್ಪಿಕೊಂಡೆ. ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ತಾಯಿಯೇ ತನ್ನ ಜೂನಿಯರ್ ಆಗಿ ಬರುವುದು ಎಂಥ ಅನಾಹುತವೆಂದು ನನಗೆ ಅರ್ಥವಾಗುತ್ತಿತ್ತು. ನಾನು ಓದಬೇಕೆಂಬ ಆಸೆಯಿಂದ ಸೇರಿದೆನೋ, ಮನೆಯಲ್ಲಿ ಬಟ್ಟೆ ಒಗೆಯುವ ವಿಷಯ ಬಿಟ್ಟು ಬೇರೇನನ್ನೂ ಮಾತಾಡದಂತಾಗಿದ್ದ ಮಗಳನ್ನು ಹಿಂಬಾಲಿಸಿಕೊಂಡು ಸೇರಿದೆನೋ ಎಂದು ನನ್ನನ್ನೇ ಕೇಳಿಕೊಂಡಾಗ, ಸತ್ಯ ಹೇಳಬೇಕೆಂದರೆ, ಉತ್ತರ ಇನ್ನೂ ಸಿಕ್ಕಿಲ್ಲ.

ಆದರೆ ಅಕ್ಟೋಬರಿನ ಒಂದು ಮಧ್ಯಾಹ್ನ ತಮ್ಮ ಮಂಡಳಿಯವರು ಹೊಸಬರನ್ನೆಲ್ಲ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿ ಹಾಡಿಸಿದಾಗ, ನಾನು ಹಿಂದಿನ ಸಾಲಿನಲ್ಲಿ ನಿಂತು ನನಗೆ ಬಂದ ರಾಗದಲ್ಲಿ, ಅಂದರೆ ಯಾರಿಗೂ ಬಾರದ ರಾಗದಲ್ಲಿ, ಹಾಡುತ್ತಿರುವಾಗ, ಕೆಳಗೆ ಬೆನೆದಿತಾಳ ಪಕ್ಕದಲ್ಲಿದ್ದ ಹುಡುಗನೊಬ್ಬ "ಆ ಅಜ್ಜಿನ ಯಾರಪ್ಪಾ ಸೇರಿಸ್ಕೊಂಡ್ರು? ದಾರಿ ತಪ್ಪಿ ಬಂದಿರ್ಬೇಕು" ಎಂದನಂತೆ. ನನಗೆ ಕೇಳಿಸಿದ್ದು ಅವಳ ಉತ್ತರ ಮಾತ್ರ, ಏಕೆಂದರೆ ಅದು ಇಡೀ ಮೆಟ್ಟಿಲಿಗೆ ಕೇಳಿಸಿತು: "ಅಜ್ಜಿ ಅಲ್ಲ ಕಣೋ, ನಮ್ಮಮ್ಮ. ಹಾಡು ಕೆಟ್ಟದಾಗಿದೆ, ಒಪ್ತೀನಿ. ನೀನ್ ಬಾಯ್ಮುಚ್ಚು."

ಮಾನ್ಯರೇ, ಆ ಸಂಜೆಯೇ ನಾನು ಪದ್ಧತಿಯ ಪ್ರಕಾರ ನಮ್ಮ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ನನ್ನ ಧರ್ಮಮಾತೆಯಾಗುವಿರಾ ಎಂದು ಮಗಳನ್ನು ಕೇಳಿಕೊಂಡೆ. ಹೊಸಬರು ಮೇಲಿನ ವರ್ಷದವರಲ್ಲೊಬ್ಬರನ್ನು ಹೀಗೆ ಕೇಳಿಕೊಳ್ಳುವುದೂ, ಒಪ್ಪಿದವರು ನವೆಂಬರಿನ ಮೆರವಣಿಗೆಗೆ ಅವರಿಗೊಂದು ನಗೆಪಾಟಲಿನ ವೇಷ ಕಟ್ಟಿ, ಕಾಲಿಗೆ ಖಾಲಿ ಡಬ್ಬಿಗಳನ್ನು ಕಟ್ಟಿ, ಹಸಿ ಟರ್ನಿಪ್ ಗೆಡ್ಡೆ ಕಚ್ಚಿಸಿ, ಕೊನೆಗೆ ನದಿಗೆ ಇಳಿಸಿ, ಹಿಂದಿನವರು ಮಂಚದಡಿ ಇಟ್ಟುಕೊಳ್ಳುತ್ತಿದ್ದಂಥ ಉಚ್ಚೆಪಾತ್ರೆಯಿಂದ ತಲೆಯ ಮೇಲೆ ನೀರು ಸುರಿಯುವುದೂ ತಮಗೆ ತಿಳಿಯದ್ದೇನಲ್ಲ. "ಎದ್ದೇಳಮ್ಮ, ಅನ್ನ ಸೀದು ಹೋಗ್ತಿದೆ" ಎಂದಳು ಬೆನೆದಿತಾ. ನಾನು ಏಳಲಿಲ್ಲ. ಏಳಲಾಗಲಿಲ್ಲ ಎನ್ನುವುದು ಹೆಚ್ಚು ನಿಜ, ಮಂಡಿ ಹಿಡಿದುಕೊಂಡಿತ್ತು. ಅವಳು ಕಂಕುಳಿಗೆ ಕೈಹಾಕಿ ಎಬ್ಬಿಸುತ್ತ, "ಆಯ್ತು, ಆಗ್ತೀನಿ. ಆದ್ರೆ ವೇಷ ನಾನ್ ಹೇಳಿದ್ದೇ" ಎಂದಳು.

ಅವಳು ಆರಿಸಿದ್ದು ಒಣಗಿಸಿ ಉಪ್ಪು ಹಾಕಿದ ಕಾಡ್ ಮೀನಿನ ವೇಷ. ವಾರವಿಡೀ ರಟ್ಟು ಕತ್ತರಿಸಿ, ಬೂದು ಬಣ್ಣ ಬಳಿದು, ಬಾಲ ಹೊಲಿದಳು. "ನಿಂಗೆ ಇದೇ ಸರಿಯಮ್ಮ, ನೀರಲ್ಲಿ ನೆನೆಸದೆ ಉಪಯೋಗಕ್ಕೆ ಬರಲ್ಲ" ಎಂದು ನಗುತ್ತ ನನ್ನ ಭುಜದ ಅಳತೆ ತೆಗೆದುಕೊಳ್ಳುವಾಗ, ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ನನಗೆ ಬೇಕಾಗಿದ್ದದ್ದು ಇಷ್ಟೇ: ಅವಳು ನಾಲ್ಕು ಜನರ ಮುಂದೆ, ತಾಯಿ ಎಂಬ ಕಾರಣಕ್ಕಲ್ಲದೆ, ತಾನಾಗಿ ಆರಿಸಿಕೊಂಡು ನನ್ನನ್ನು ತನ್ನವಳೆನ್ನುವುದು.

ಇಲ್ಲಿಯವರೆಗೆ ನನ್ನ ದೂರೇನೂ ಇಲ್ಲ. ದೂರು ನನ್ನ ನಾಲಿಗೆಯಿಂದ ಶುರುವಾಗುತ್ತದೆ. ಮೆರವಣಿಗೆಗೆ ಎರಡು ದಿನ ಮೊದಲು, ಪರೀಕ್ಷೆಗೆ ಹೆದರಿದ್ದ ಹೊಸ ಹುಡುಗಿಯರಿಗೆ ಧೈರ್ಯ ತುಂಬಲು ಹೋಗಿ, ಕ್ಯಾಂಟೀನಿನಲ್ಲಿ ನಾನು, "ಹೆದರ್ಬೇಡ್ರೇ, ನಾನು ಹದಿನೆಂಟನೇ ವಯಸ್ಸಲ್ಲೇ ಇದೇ ವಿಭಾಗಕ್ಕೆ ಸೇರಿದ್ದೆ. ಚಪ್ಪಲಿ ಅಂಗಡಿ ಕೆಲಸ ಮಾಡ್ಕೊಂಡು, ಪ್ರತಿ ವರ್ಷ ಸೇರೋದು, ಪ್ರತಿ ವರ್ಷ ಫೇಲಾಗೋದು. ಬೆನೆದಿತಾ ಹುಟ್ಟೋವರೆಗೂ ಒಂಬತ್ತು ಸಲ ಮೊದಲನೇ ವರ್ಷ ಓದಿದೀನಿ. ಈಗ ನೋಡಿ, ಬದುಕಿಲ್ವಾ?" ಎಂದೆ. ಹುಡುಗಿಯರು ನಕ್ಕರು. ಪಕ್ಕದ ಟೇಬಲ್ಲಿನಲ್ಲಿದ್ದ ತಮ್ಮ ಮಂಡಳಿಯ ಕಾರ್ಯದರ್ಶಿ ಕುಮಾರಿ ಕೊನ್ಸ್ತಾನ್ಸಾ ಮಾತ್ರ ನಗಲಿಲ್ಲ, ಕೈಯಲ್ಲಿದ್ದ ಸೂಪಿನ ಚಮಚವನ್ನು ಕೆಳಗಿಟ್ಟು, ಎದ್ದು ಬಂದು, ನನ್ನ ಮುಂದೆ ತಲೆಬಾಗಿ, "ಡೋನಾ ಫಿಲೊಮೇನಾ, ಹಾಗಾದ್ರೆ ಇದು ನಿಮ್ಮ ಹತ್ತನೇ ಸೇರ್ಪಡೆ. ನೀವು ನಮ್ಮ ಅಧಿಪತಿಗಳಿಗಿಂತ ಹಿರಿಯರು!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ತನ್ನ ಸೋಲುಗಳ ಬಗ್ಗೆ ತಮಾಷೆ ಮಾಡಲು ಹೋಗಿ, ಸೋಲೇ ಪದವಿಯಾಗಿರುವವರ ನಡುವೆ ಸಿಕ್ಕಿಬಿದ್ದ ನನ್ನಂಥವಳು ಇನ್ನೊಬ್ಬಳಿರಲಾರಳು.

ತಾವು ಅಂದೇ ಸಭೆ ಕರೆದಿರಿ. ನನ್ನನ್ನು ಹಿರಿಯರ ಸಾಲಿಗೆ ಏರಿಸಿದಿರಿ. ಹಿರಿಯರಿಗೆ ವೇಷ ಕಟ್ಟುವಂತಿಲ್ಲ, ಡಬ್ಬಿ ಕಟ್ಟುವಂತಿಲ್ಲ, ಅವರ ಮೈಮೇಲೆ ಒಂದು ಹನಿ ನೀರೂ ಹಾಕುವಂತಿಲ್ಲವೆಂದು ಸಾರಿ, ನದಿಯ ದಡದಲ್ಲಿ ನನಗೊಂದು ಕುರ್ಚಿ ಹಾಕಿಸಿದಿರಿ. ಇದಕ್ಕಾಗಿ ತಮ್ಮನ್ನು ಹೇಗೆ ಹೊಗಳಲಿ? ನನ್ನ ಸೋಲುಗಳನ್ನು ನನ್ನ ತಂದೆ ಊಟದ ಹೊತ್ತಿಗೆ ನೆನಪಿಸುತ್ತಿದ್ದರು, ಮಾಜಿ ಗಂಡ ನೆಂಟರ ಮುಂದೆ ನೆನಪಿಸುತ್ತಿದ್ದ, ನಾನು ಸ್ನಾನದ ಮನೆಯಲ್ಲಿ ನೆನಪಿಸಿಕೊಳ್ಳುತ್ತಿದ್ದೆ. ಅವುಗಳನ್ನು ಒಟ್ಟುಗೂಡಿಸಿ, ಅವಕ್ಕೆ ನಾಲ್ಕು ಕಾಲು ಹಚ್ಚಿ, ಕುಳಿತುಕೊಳ್ಳಿ ತಾಯೀ ಎಂದ ಸಂಸ್ಥೆ ಈ ಭೂಮಿಯ ಮೇಲೆ ತಮ್ಮದೊಂದೇ. ಮತ್ತು ನಾನು ಕುಳಿತೆ. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ತಾವು ಎರವಲು ಕೊಟ್ಟ ನಿಲುವಂಗಿ ಹೊದ್ದು, ಮುಂದೆ ಸಾಗುವ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ತಲೆಬಾಗುವಾಗ, ಸ್ವಲ್ಪ ಹೊತ್ತು ನನಗೆ ಬಹಳ ಹಿತವಾಗಿತ್ತು.

ಆಮೇಲೆ ಬೆನೆದಿತಾ ಬಂದಳು. ಅವಳ ಗೆಳತಿಯರೆಲ್ಲ ತಮ್ಮ ತಮ್ಮ ಹೊಸಬರನ್ನು, ಒಬ್ಬಳು ಕೋಳಿಯನ್ನು, ಇನ್ನೊಬ್ಬಳು ಟ್ರಾಫಿಕ್ ದೀಪವನ್ನು, ಗಲಗಲ ಸದ್ದಿನೊಂದಿಗೆ ನೀರಿಗೆ ಇಳಿಸುತ್ತಿದ್ದಾಗ, ಅವಳು ಹೊಸ ಉಚ್ಚೆಪಾತ್ರೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು, ಸುರಿಯಲು ತಲೆಯೇ ಇಲ್ಲದೆ ನಿಂತಿದ್ದಳು. ನನ್ನ ಕುರ್ಚಿಯ ಮುಂದೆ ಬಂದು ನಿಯಮದಂತೆ ತಲೆಬಾಗಿದಳು. "ಹಿರಿಯರಿಗೆ ಬಿಸಿಲು ಜಾಸ್ತಿ ಆಗ್ತಿಲ್ಲ ತಾನೇ?" ಎಂದಳು. ನಮ್ಮ ಮನೆಯಲ್ಲಿ ನಾವು ಜಗಳವಾಡುವಾಗ ಮಾತ್ರ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಳ್ಳುತ್ತೇವೆ.

ನಾನು ನಿಲುವಂಗಿ ತೆಗೆದು ಕುರ್ಚಿಗೆ ಹಾಕಿ, ಬೂಟು ಬಿಚ್ಚಿ, ನೀರಿಗೆ ಇಳಿದೆ. ನವೆಂಬರಿನ ನೀರು ಹೇಗಿರುತ್ತದೆಂದು ದಡದಲ್ಲಿ ನಿಂತು ಆಶೀರ್ವದಿಸುವ ತಮಗೆ ಗೊತ್ತಿರಲಿಕ್ಕಿಲ್ಲ. ಬೆನೆದಿತಾ ಹಿಂದೆಯೇ ಓಡಿ ಬಂದಳು. "ಅಮ್ಮಾ, ಬೇಡ! ನನ್ನ ಗೌನು ಕಿತ್ಕೊಳ್ತಾರೆ. ಮುಂದಿನ ತಿಂಗಳು ನಮ್ಮ ಪ್ರೋಗ್ರಾಮ್ ಇದೆ." ನಾನು ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡೂ, "ಹಿರಿಯರು ಹೇಳ್ತಿದಾರೆ ಕಣೇ, ಸುರಿ" ಎಂದೆ. ಅವಳು ಒಂದು ಕ್ಷಣ ತಮ್ಮ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಪಾತ್ರೆ ತುಂಬಿ ಸುರಿದಳು. ಆಮೇಲೆ, ಯಾರೂ ಹೇಳದೆಯೇ, ಇನ್ನೊಮ್ಮೆ ಸುರಿದಳು. ಅದು ನಾನು ಅವಳ ವಿಭಾಗಕ್ಕೇ ಬಂದು ಸೇರಿದ ಸಿಟ್ಟಿಗೆ ಎಂದು ನನ್ನ ಅಂದಾಜು.

ತಲೆ ಒರೆಸಿಕೊಳ್ಳುವ ಮೊದಲೇ ತಮ್ಮ ತೀರ್ಪು ಬಂದಿತ್ತು: ಹಿರಿಯರಿಗೆ ಅಗೌರವ ತೋರಿದ್ದಕ್ಕಾಗಿ ಬೆನೆದಿತಾ ಮೇ ತಿಂಗಳವರೆಗೆ ನಿಲುವಂಗಿ ಧರಿಸುವಂತಿಲ್ಲ. ನಿಲುವಂಗಿಯಿಲ್ಲದೆ ಹುಡುಗಿಯರ ಗಾಯನ ತಂಡದಲ್ಲಿ ವೇದಿಕೆ ಹತ್ತುವಂತಿಲ್ಲ. ಡಿಸೆಂಬರಿನ ಕಾರ್ಯಕ್ರಮದಲ್ಲಿ ಅವಳು ಮೊದಲ ಬಾರಿ ಒಬ್ಬಳೇ ಮ್ಯಾಂಡೊಲಿನ್ ನುಡಿಸಬೇಕಿತ್ತು. ಬೇಸಿಗೆಯಿಂದ ಆ ಒಂದೇ ಹಾಡನ್ನು ನನ್ನ ಗೋಡೆಯ ಆಚೆ ಅಭ್ಯಾಸ ಮಾಡುತ್ತಿದ್ದಾಳೆ. ಅವಳು ನನ್ನನ್ನು ಬೈಯಲಿಲ್ಲ. "ಇರ್ಲಿ ಬಿಡಮ್ಮ, ಮುಂದಿನ ವರ್ಷ ನುಡಿಸ್ತೀನಿ" ಎಂದಳು. ಈಗ ಗೋಡೆಯ ಆಚೆಯಿಂದ ಏನೂ ಕೇಳಿಸುವುದಿಲ್ಲ. ಅವಳು ಎಚ್ಚರಿಸಿದ್ದಳು, ನಾನು ನನ್ನ ಆಸೆಗಾಗಿ ಆಜ್ಞೆ ಕೊಟ್ಟೆ, ದಂಡ ಅವಳು ತೆರುತ್ತಿದ್ದಾಳೆ. ಆದ್ದರಿಂದ ಈ ಪತ್ರ.

ತಮ್ಮಲ್ಲಿ ನನ್ನ ವಿನಂತಿಗಳು ಬಹಳ ಸಣ್ಣವು. ನನ್ನ ಒಂಬತ್ತು ಸೋಲುಗಳನ್ನು ರದ್ದುಪಡಿಸಿ, ಆ ವರ್ಷಗಳಲ್ಲಿ ನಾನು ಪಾಸಾಗಿದ್ದೆನೆಂದು ಮಂಡಳಿ ನಿರ್ಣಯಿಸಿದರೆ ನಾನು ಹಿರಿಯಳಾಗಿ ಉಳಿಯುವುದಿಲ್ಲ, ಅಗೌರವವೂ ಉಳಿಯುವುದಿಲ್ಲ. ಜೊತೆಗೆ ನನ್ನ ದಿವಂಗತ ತಂದೆಯವರಿಗೂ ಒಂದು ಪ್ರತಿ ಕಳಿಸಬಹುದು. ಅದು ಕಷ್ಟವೆಂದಾದರೆ ದೋಷವನ್ನು ನದಿಯ ಮೇಲೆ ಹೊರಿಸಿ, ಅದಕ್ಕೆ ಮೇ ತಿಂಗಳವರೆಗೆ ಹರಿಯದಂತೆ ಆದೇಶ ಹೊರಡಿಸಬಹುದು. ಅದೂ ಆಗದಿದ್ದರೆ, ತಾವು ಈ ವಾರದೊಳಗೆ ಇನ್ನೆರಡು ಸಲ ಫೇಲಾಗಿ ನನ್ನನ್ನು ಮೀರಿಸಿ, ನಾನು ನದಿಯಲ್ಲಿ ಕೊಟ್ಟ ಆಜ್ಞೆಯನ್ನು ಅಮಾನ್ಯಗೊಳಿಸಬಹುದು. ತಮ್ಮ ಸಾಮರ್ಥ್ಯದಲ್ಲಿ ನನಗೆ ಪೂರ್ಣ ನಂಬಿಕೆಯಿದೆ.

ಇವುಗಳಲ್ಲಿ ಯಾವುದೂ ಸಾಧ್ಯವಿಲ್ಲದಿದ್ದರೆ, ಮಾನ್ಯರೇ, ತಮ್ಮದೇ ನಿಯಮಕ್ಕೆ ತಾವು ಬದ್ಧರಾಗಿರಬೇಕಾಗುತ್ತದೆ. ಹೆಚ್ಚು ಸಲ ಸೇರಿದವರ ಮಾತನ್ನು ಕಡಿಮೆ ಸಲ ಸೇರಿದವರು ಮೀರುವಂತಿಲ್ಲ. ನನ್ನದು ಹತ್ತು, ತಮ್ಮದು ಒಂಬತ್ತು. ಆದ್ದರಿಂದ ಬೆನೆದಿತಾ ಹಿರಿಯರೊಬ್ಬರ ಆಜ್ಞೆಯನ್ನು ಪಾಲಿಸಿದಳೇ ಹೊರತು ಯಾರಿಗೂ ಅಗೌರವ ತೋರಲಿಲ್ಲ. ಮತ್ತು ಇಲ್ಲಿಯವರೆಗೆ ಮನವಿಯಾಗಿದ್ದ ಈ ಪತ್ರ ಈ ವಾಕ್ಯದಿಂದ ಆಜ್ಞೆಯಾಗುತ್ತದೆ. ಸೋಮವಾರ ಬೆಳಗ್ಗೆ ತಾವೇ ಬಂದು, ಮೆಟ್ಟಿಲ ಮೇಲೆ ಎಲ್ಲರ ಮುಂದೆ, ನನ್ನ ಮಗಳ ಭುಜಕ್ಕೆ ಅವಳ ನಿಲುವಂಗಿ ಹೊದಿಸಬೇಕು. ಅದು ತಮಗೆ ನನ್ನ ಮೊದಲನೆಯ ಮತ್ತು ಕೊನೆಯ ಆಜ್ಞೆ. ಮರುಗಳಿಗೆಯೇ ನಾನು ಪದವಿಗೆ ರಾಜೀನಾಮೆ ಕೊಡುತ್ತೇನೆ, ಕುರ್ಚಿ ತಮಗಿರಲಿ.

ತಮಗಿಂತ ಒಂದು ಸಲ ಹೆಚ್ಚು ಸೋತಿದ್ದರೂ
ತಮ್ಮ ವಿಶ್ವಾಸಿ,
ಫಿಲೊಮೇನಾ ಸರ್ಮೆಂತು

ಮರೆತ ಮಾತು: ಆಜ್ಞೆ ಪಾಲನೆಯಾಗದಿದ್ದರೆ ಈ ವರ್ಷವೂ ಮುಂದಿನ ವರ್ಷಗಳಲ್ಲೂ ಫೇಲಾಗುತ್ತ, ತಮ್ಮ ಜೀವಮಾನವಿಡೀ ತಮಗೆ ಹಿರಿಯಳಾಗಿಯೇ ಉಳಿಯುತ್ತೇನೆಂದು ಇಲ್ಲಿ ಬರೆದಿದ್ದೆ. ಬೆನೆದಿತಾ ಓದಿ ಆ ಸಾಲನ್ನು ಹೊಡೆದುಹಾಕಿದಳು. "ಫೇಲ್ ಆಗೋಕೆ ನಾನ್ ಪರ್ಮಿಷನ್ ಕೊಟ್ಟಿಲ್ಲ. ನಿನ್ನ ಧರ್ಮಮಾತೆ ಯಾರು, ಅವ್ನಾ ನಾನಾ?" ಎಂದು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ರೋಮನ್ ಕಾನೂನಿನ ಮೊದಲ ಪಾಠ ನನ್ನಿಂದ ಒಪ್ಪಿಸಿಕೊಂಡಳು. ಅವಳು ಬರೆದುಕೊಟ್ಟ ನೋಟ್ಸ್ ಬಹಳ ಚೆನ್ನಾಗಿವೆ. ತಾವೂ ಅದೇ ತರಗತಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲೇ ಕೂರುವುದರಿಂದ, ಸೋಮವಾರ ನಿಲುವಂಗಿಯೊಂದಿಗೆ ಬಂದರೆ ಒಂದು ಜೆರಾಕ್ಸ್ ಕೊಡುತ್ತೇನೆ.